ಲ್ಯಾಪ್‌ಟಾಪು, ಡ್ರಮ್ ಮಷಿನ್ನು ಒಂದೇ ತಾಳಕ್ಕೆ ಬರಬೇಕು: ಯಾವ ದಾರಿ ಯಾರಿಗೆ?

ಸಾಗರದ ಕಡೆಯ ಹೋಮ್ ಸ್ಟುಡಿಯೋದವರಿರಲಿ, ಶಿವಮೊಗ್ಗದ ಆರ್ಕೆಸ್ಟ್ರಾ ಹುಡುಗರಿರಲಿ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಲ್ಯಾಪ್‌ಟಾಪಿನ ಟ್ರ್ಯಾಕು ಒಂದು ಕಡೆ ಎಳೀತದೆ, ಡ್ರಮ್ ಮಷಿನ್ನು ಇನ್ನೊಂದು ಕಡೆ. ಯುಎಸ್‌ಬಿಯಲ್ಲೇ ಜೋಡಿಸಲಾ, ಹಳೇ ಐದು ಪಿನ್ನಿನ ಕೇಬಲ್ ತರಿಸಲಾ, ಇಲ್ಲ ಕ್ಲಾಕ್, ಅಂದರೆ ತಾಳದ ಸಂಕೇತ, ಕಳಿಸುವ ಆ ದುಬಾರಿ ಡಬ್ಬಿಗೇ ದುಡ್ಡು ಸುರಿಯಲಾ?

ಇದಕ್ಕೆ ನನ್ನದೊಂದು ಮರುಪ್ರಶ್ನೆ ಇದೆ. ಪೆಟ್ಟು ಪ್ರತಿ ಸಲವೂ ಅಷ್ಟಷ್ಟೇ ತಡವಾಗಿ ಬೀಳುತ್ತದೋ, ಒಮ್ಮೆ ಹಿಂದೆ ಒಮ್ಮೆ ಮುಂದೆ ಅಲುಗಾಡುತ್ತದೋ, ಅಥವಾ ಹಾಡು ಸಾಗಿದ ಹಾಗೆ ಮೆಲ್ಲಗೆ ದೂರ ಸರಿಯುತ್ತದೋ? ಒಂದೇ ಸಮನೆ ತಡವಾದರೆ ಪೈಸೆ ಖರ್ಚಿಲ್ಲದೆ ಸರಿಹೋಗುತ್ತದೆ. ದೂರ ಸರಿಯುತ್ತಿದ್ದರೆ ಬಹುಪಾಲು ಸೆಟ್ಟಿಂಗ್ ತಪ್ಪು: ಮಷಿನ್ನು ಹೊರಗಿನ ಕ್ಲಾಕನ್ನು ಕೇಳಿಸಿಕೊಳ್ಳುತ್ತಲೇ ಇಲ್ಲ, ತನ್ನದೇ ಒಳಗಿನ ಟೆಂಪೊದಲ್ಲಿ ಓಡುತ್ತಿದೆ. ಜಿಟ್ಟರ್ ಎಂದು ಕರೆಯುವ ಅಲುಗಾಟ ಒಂದೇ ದುಡ್ಡು ಕೇಳುವ ಕಾಯಿಲೆ. ಯಾವುದೆಂದು ತಿಳಿಯದೆ ಆನ್‌ಲೈನಿನಲ್ಲಿ ಆರ್ಡರ್ ಹಾಕುವವರೇ ಜಾಸ್ತಿ.

ಪರೀಕ್ಷೆ ಸುಲಭ. ಮೊದಲು ಆಡಿಯೋ ಇಂಟರ್‌ಫೇಸಿನ (ಲ್ಯಾಪ್‌ಟಾಪಿಗೆ ಶಬ್ದ ಒಳಗೆ ಹೊರಗೆ ಮಾಡುವ ಡಬ್ಬಿ) ಔಟ್‌ಪುಟ್ಟನ್ನು ಅದರದ್ದೇ ಇನ್‌ಪುಟ್ಟಿಗೆ ಒಂದು ಕೇಬಲ್ಲಿನಲ್ಲಿ ಸೇರಿಸಿ, ಮೆಟ್ರೊನೋಮಿನ ಕ್ಲಿಕ್ ರೆಕಾರ್ಡ್ ಮಾಡಿ. ಅದು ಗೆರೆಯ ಮೇಲೇ ಬೀಳಬೇಕು. ಬೀಳದಿದ್ದರೆ ಇಂಟರ್‌ಫೇಸಿನ ಡ್ರೈವರ್ ತನ್ನ ತಡವನ್ನು ಸಾಫ್ಟ್‌ವೇರಿಗೆ ಸರಿಯಾಗಿ ಹೇಳುತ್ತಿಲ್ಲ. ಏಬಲ್ಟನ್ ಲೈವ್, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಈ ವ್ಯತ್ಯಾಸ ತುಂಬಲು ಆಡಿಯೋ ಸೆಟ್ಟಿಂಗಿನಲ್ಲಿ ಜಾಗ ಇದೆ. ಇದನ್ನು ಬಿಟ್ಟು ಮುಂದೆ ಹೋದರೆ ಡ್ರಮ್ ಮಷಿನ್ನಿಗೆ ಇಲ್ಲದ ದೋಷ ಹೊರಿಸಿದ ಹಾಗಾಗುತ್ತದೆ.

ಆಮೇಲೆ ಮಷಿನ್ನಿನಲ್ಲಿ ರಿಮ್‌ಶಾಟ್‌ನಂಥ ಚುರುಕು ಶಬ್ದ ಆರಿಸಿ ಹದಿನಾರೂ ಸ್ಟೆಪ್ಪಿಗೆ ಹಾಕಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಕ್ಲಾಕ್ ಕಳಿಸಿ, ಒಂದೆರಡು ನಿಮಿಷ ರೆಕಾರ್ಡ್ ಮಾಡಿ, ಅಲೆಯನ್ನು ಹಿಗ್ಗಿಸಿ ನೋಡಿ. ಪೆಟ್ಟು ಮೇಲೇಳುವ ಜಾಗಕ್ಕೂ ಗ್ರಿಡ್ಡಿನ ಗೆರೆಗೂ ಎಷ್ಟು ಅಂತರ? 48 ಕಿಲೋಹರ್ಟ್ಸ್ ರೆಕಾರ್ಡಿಂಗಿನಲ್ಲಿ 48 ಸ್ಯಾಂಪಲ್ ಅಂದರೆ 1 ಮಿಲಿಸೆಕೆಂಡ್. ಅಂತರ 9, 9, 9, 9 ಎಂದು ಬಂದರೆ ಅದು ಬರೀ ತಡ. 4, 11, 6, 13 ಎಂದು ಬಂದರೆ ಜಿಟ್ಟರ್. 2, 5, 9, 14 ಎಂದು ಏರುತ್ತಲೇ ಹೋದರೆ ಸರಿತ. ಕೊನೆಗೆ ಕ್ಲಾಕ್ ತೆಗೆದು ಮಷಿನ್ನನ್ನು ಅದರ ಪಾಡಿಗೆ ಓಡಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿ. 120ರಲ್ಲಿ ಎರಡು ಪೆಟ್ಟಿನ ನಡುವೆ 125 ಮಿಲಿಸೆಕೆಂಡ್ ಇರಬೇಕು. ಒಂಟಿಯಾಗಿ ಓಡುವಾಗಲೇ ಅದು ತೂರಾಡುತ್ತಿದ್ದರೆ ಎಂಥ ಕೇಬಲ್ ತಂದರೂ ಪ್ರಯೋಜನ ಇಲ್ಲ.

ತಡ ಮತ್ತು ಅಲುಗಾಟ ಬೇರೆ ಬೇರೆ ಎನ್ನುವುದನ್ನು ಒತ್ತಿ ಹೇಳಲು ಕಾರಣ ಇದೆ. ಶಬ್ದ 1 ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಯಕ್ಷಗಾನದ ರಂಗಸ್ಥಳದಲ್ಲಿ ಚಂಡೆಯವರು ಭಾಗವತರಿಂದ ಒಂದೂವರೆ ಮೀಟರ್ ಆಚೆ ಇದ್ದರೆ ನಾಲ್ಕೈದು ಮಿಲಿಸೆಕೆಂಡ್ ತಡ ಯಾವಾಗಲೂ ಇದ್ದೇ ಇರುತ್ತದೆ. ರಾತ್ರಿಯಿಡೀ ಬಾರಿಸಿದರೂ ಯಾರ ತಾಳವೂ ಕೆಡುವುದಿಲ್ಲ, ಯಾಕೆಂದರೆ ಅಂತರ ಬದಲಾಗುವುದಿಲ್ಲ. ಅದೇ ಚಂಡೆ ಪ್ರತಿ ಪೆಟ್ಟಿಗೂ ಹಿಂದೆ ಮುಂದೆ ಜಿಗಿಯುತ್ತಿದ್ದರೆ ಭಾಗವತರು ಪದ ನಿಲ್ಲಿಸಿ ತಿರುಗಿ ನೋಡಿಯಾರು.

ಅಳೆಯುವ ಕೋಲು

ದಾರಿಗಳನ್ನು ತೂಗುವ ಮೊದಲು ಯಾವ ಲೆಕ್ಕದಲ್ಲಿ ತೂಗುತ್ತೇವೆ ಎಂದು ಇಟ್ಟುಕೊಳ್ಳೋಣ. ಮೊದಲನೆಯದು ನಿಮ್ಮ ಕೆಲಸ ಎಷ್ಟು ಜಿಟ್ಟರ್ ತಾಳಿಕೊಳ್ಳುತ್ತದೆ ಎನ್ನುವುದು. ಉದ್ದನೆಯ ಪ್ಯಾಡ್ ಸ್ವರಕ್ಕೆ 10 ಮಿಲಿಸೆಕೆಂಡ್ ಅಲುಗಿದರೂ ಗೊತ್ತಾಗುವುದಿಲ್ಲ. ಕಿಕ್ಕಿನ ಮೇಲೆ ಕಿಕ್ ಕೂರಿಸುವವರಿಗೆ ಒಂದೆರಡು ಮಿಲಿಸೆಕೆಂಡೂ ದೊಡ್ಡದು. ಎರಡು ಅಲೆಗಳು ಪ್ರತಿ ಸಲ ಬೇರೆ ಥರ ಸೇರಿ ಶಬ್ದದ ಗಟ್ಟಿತನವೇ ಬದಲಾಗುತ್ತದೆ. ಎರಡನೆಯದು ಪ್ಲೇ, ಸ್ಟಾಪ್ ಜೊತೆಗೇ ಬರುತ್ತದೋ, ಹಾಡಿನ ನಡುವಿನಿಂದ ಶುರು ಮಾಡಿದರೆ ಮಷಿನ್ನೂ ಅಲ್ಲಿಂದಲೇ ಶುರು ಮಾಡುತ್ತದೋ ಎನ್ನುವುದು. ಮೂರನೆಯದು ವೇದಿಕೆಯ ಭರವಸೆ. ನಮ್ಮ ಕಡೆ ಆಷಾಢ ಶ್ರಾವಣದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಥಂಡಿಗೆ ಕನೆಕ್ಟರಿನ ಪಿನ್ನು ಹಸಿರು ಕಟ್ಟುತ್ತದೆ, ಗಣಪತಿ ಪೆಂಡಾಲಿನಲ್ಲಿ ಅರ್ಥಿಂಗ್ ಹೇಗಿರುತ್ತದೋ ಹೇಳಲಾಗದು. ದುಡ್ಡು ಕೊನೆಯದು. ಅದರ ಬಾಲದಲ್ಲೇ ಇನ್ನೊಂದು ಮಾತು: ಕೆಟ್ಟರೆ ಬದಲಿ ಬೆಂಗಳೂರಿನಿಂದ ಬರಬೇಕು, ಅಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತದೆ.

ಕ್ಲಾಕ್ ಅಂದರೆ ಏನು ಹೋಗುತ್ತದೆ?

ಮಿಡಿ, ಅಂದರೆ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ, 1983ರ ಕಾಲದ್ದು. ಅದರ ಐದು ಪಿನ್ನಿನ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹೋಗುತ್ತವೆ. ಒಂದು ಬೈಟಿಗೆ 10 ಬಿಟ್, ಅಂದರೆ 0.32 ಮಿಲಿಸೆಕೆಂಡ್. ಒಂದು ಸ್ವರ ಒತ್ತಿದ ಸುದ್ದಿ ಮೂರು ಬೈಟು, ಸುಮಾರು 1 ಮಿಲಿಸೆಕೆಂಡ್. ಕ್ಲಾಕ್ ಎನ್ನುವುದು ಒಂದೇ ಬೈಟು, ಒಂದು ಬೀಟಿಗೆ 24 ಸಲ ಹೋಗುತ್ತದೆ. 120 ಬಿಪಿಎಂನಲ್ಲಿ 20.8 ಮಿಲಿಸೆಕೆಂಡಿಗೊಂದು. ಆ ಬೈಟಿನಲ್ಲಿ ಟೆಂಪೊ ಇಷ್ಟು ಎಂದು ಬರೆದಿರುವುದಿಲ್ಲ. ಅದು ಬಂದ ಹೊತ್ತೇ ಅದರ ಅರ್ಥ. ಹಾಗಾಗಿ ದಾರಿಯಲ್ಲಿ ಎಲ್ಲಿ ತಡೆದರೂ ನೇರವಾಗಿ ತಾಳಕ್ಕೇ ಪೆಟ್ಟು.

ತಡೆಯುವ ಜಾಗ ಹಲವು. ಕೆಲವು ಸಾಫ್ಟ್‌ವೇರ್ ಮಿಡಿಯನ್ನು ಆಡಿಯೋ ಬಫರಿನ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳ ಕಂತು) ಲೆಕ್ಕದಲ್ಲಿ ಕಂತು ಕಂತಾಗಿ ಹೊರಬಿಡುತ್ತವೆ. 44.1 ಕಿಲೋಹರ್ಟ್ಸಿನಲ್ಲಿ 512ರ ಬಫರ್ ಅಂದರೆ 11.6 ಮಿಲಿಸೆಕೆಂಡ್, 128 ಅಂದರೆ 2.9. ಆಮೇಲೆ ಆಪರೇಟಿಂಗ್ ಸಿಸ್ಟಮ್, ಅಲ್ಲಿಂದ ಯುಎಸ್‌ಬಿ. ಹಳೆಯ ಫುಲ್ ಸ್ಪೀಡ್ ಯುಎಸ್‌ಬಿ 1 ಮಿಲಿಸೆಕೆಂಡಿನ ಚೌಕಟ್ಟಿನಲ್ಲಿ ಕೆಲಸ ಮಾಡುತ್ತದೆ. ಕೊನೆಗೆ ಮಷಿನ್ನು. ಕೆಲವು ಮಷಿನ್ನುಗಳು ಬಂದ ಟಿಕ್ಕುಗಳ ಸರಾಸರಿ ತೆಗೆದು ನಯ ಮಾಡಿಕೊಳ್ಳುತ್ತವೆ, ಕೆಲವು ಪ್ರತಿ ಟಿಕ್ಕಿಗೂ ಬೆಚ್ಚಿ ಬೀಳುತ್ತವೆ.

ಏನೂ ಕೊಳ್ಳದ ದಾರಿ

ಇಲ್ಲಿಂದಲೇ ಶುರು ಮಾಡಬೇಕು. ಬಫರ್ 128ಕ್ಕೋ 64ಕ್ಕೋ ಇಳಿಸಿ. ವಿಂಡೋಸ್ ಇದ್ದರೆ ಇಂಟರ್‌ಫೇಸಿನದ್ದೇ ಎಎಸ್‌ಐಒ (ತಡ ಕಡಿಮೆ ಮಾಡುವ) ಡ್ರೈವರ್ ಹಾಕಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸಿಗೆ ತನ್ನಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ನುಡಿಸುವಾಗ ವೈಫೈ ಬಂದ್ ಮಾಡಿ. ಚಾರ್ಜರ್ ತೆಗೆದರೆ ಎಷ್ಟೋ ಲ್ಯಾಪ್‌ಟಾಪು ಪ್ರೊಸೆಸರಿನ ವೇಗ ಇಳಿಸಿಕೊಳ್ಳುತ್ತವೆ. ಕರೆಂಟ್ ಹೋದಾಗ ಮಾತ್ರ ತಾಳ ಅಲುಗುತ್ತದೆ ಎನ್ನುವವರು ಇದನ್ನು ಮೊದಲು ನೋಡಿ; ಇನ್ವರ್ಟರನ್ನು ಬೈಯುವುದು ಆಮೇಲೆ.

ಮಾಸ್ಟರ್ ಟ್ರ್ಯಾಕಿನಲ್ಲಿ ಕೂತಿರುವ ಲಿಮಿಟರ್, ಲೀನಿಯರ್ ಫೇಸ್ ಈಕ್ಯೂನಂಥ ಭಾರದ ಪ್ಲಗಿನ್‌ಗಳನ್ನೂ ತೆಗೆಯಿರಿ. ಇವು ಒಳಗೊಳಗೇ ಆಡಿಯೋವನ್ನು ಹಿಂದೆ ಎಳೆಯುತ್ತವೆ. ಆ ತಡವನ್ನು ಕ್ಲಾಕಿಗೂ ಸರಿದೂಗಿಸುವ ಬುದ್ಧಿ ಎಲ್ಲ ಸಾಫ್ಟ್‌ವೇರಿಗೂ ಇಲ್ಲ. ಉಳಿದ ಸಮಾನ ತಡಕ್ಕೆ ಲೈವ್‌ನಲ್ಲಿ ಮಿಡಿ ಕ್ಲಾಕ್ ಸಿಂಕ್ ಡಿಲೇ ಎನ್ನುವ ಸೆಟ್ಟಿಂಗ್ ಇದೆ. ಋಣ ಸಂಖ್ಯೆ ಕೊಟ್ಟರೆ ಕ್ಲಾಕ್ ಅಷ್ಟು ಮೊದಲೇ ಹೊರಡುತ್ತದೆ.

ಮತ್ತೆ ಎರಡು ಹಳೇ ತಂಟೆ. ಒಂದೇ ಮಷಿನ್ನಿಗೆ ಯುಎಸ್‌ಬಿಯಲ್ಲೂ ಐದು ಪಿನ್ನಿನಲ್ಲೂ ಕ್ಲಾಕ್ ಹೋದರೆ ಅದು ಹುಚ್ಚೆದ್ದು ಎರಡು ಪಟ್ಟು ವೇಗದಲ್ಲಿ ಓಡಬಹುದು. ಒಂದನ್ನು ಬಂದ್ ಮಾಡಿ. ಯಮಹಾ ಪಿಎಸ್‌ಆರ್ ಕೀಬೋರ್ಡಿನವರಿಗೆ ಇದರ ತಿರುವು ಮುರುವು. ಎಕ್ಸ್‌ಟರ್ನಲ್ ಕ್ಲಾಕ್ ಆನ್ ಇಟ್ಟು ಮರೆತರೆ, ಲ್ಯಾಪ್‌ಟಾಪ್ ಇಲ್ಲದ ದಿನ ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ಹಿಮ್ಮೇಳ) ಶುರುವೇ ಆಗುವುದಿಲ್ಲ. ವೇದಿಕೆ ಮೇಲೆ ಕೀಬೋರ್ಡ್ ಕೆಟ್ಟಿತು ಎಂದು ಗಾಬರಿಯಾಗುವವರಲ್ಲಿ ಅರ್ಧಕ್ಕರ್ಧ ಜನರದ್ದು ಇದೇ ಕತೆ ಮಾರಾಯ್ರೆ.

ಇಷ್ಟು ಮಾಡಿದ ಮೇಲೆ ಜಿಟ್ಟರ್ ಎರಡು ಮೂರು ಮಿಲಿಸೆಕೆಂಡಿಗೆ ಇಳಿದು ನಿಮ್ಮ ಕೆಲಸಕ್ಕೆ ಅದು ಸಾಕೆನಿಸಿದರೆ ಮುಂದಿನದು ಓದಬೇಕಾಗಿಯೇ ಇಲ್ಲ.

ಯುಎಸ್‌ಬಿ ನೇರವೋ, ಐದು ಪಿನ್ನೋ?

ಒಂದೇ ಮಷಿನ್ನು, ಮನೆಯಲ್ಲೇ ಕೆಲಸ ಎಂದಾದರೆ ಯುಎಸ್‌ಬಿ ನೇರ ಜೋಡಣೆ ಸಾಕು. ಪ್ಲೇ, ಸ್ಟಾಪ್ ಎಲ್ಲ ಬರುತ್ತದೆ, ಖರ್ಚು ಕೇಬಲ್ಲಿನದ್ದು ಮಾತ್ರ. ಹಬ್ ನಡುವೆ ತರಬೇಡಿ, ಲ್ಯಾಪ್‌ಟಾಪಿನ ಪೋರ್ಟಿಗೇ ಚುಚ್ಚಿ. ಆದರೆ ಯುಎಸ್‌ಬಿ ಎರಡೂ ಕಡೆಯ ಗ್ರೌಂಡನ್ನು ಒಂದು ಮಾಡುತ್ತದೆ. ಮಷಿನ್ನಿನ ಆಡಿಯೋ ಮಿಕ್ಸರಿಗೆ, ಮಿಕ್ಸರು ಸೌಂಡ್ ಸಿಸ್ಟಮಿಗೆ, ಲ್ಯಾಪ್‌ಟಾಪಿನ ಚಾರ್ಜರು ಇನ್ನೊಂದು ಬೋರ್ಡಿಗೆ ಹೋದಾಗ ಸ್ಪೀಕರಿನಲ್ಲಿ ಗುಂಯ್‌ಗುಡುವುದು, ಮೌಸ್ ಅಲ್ಲಾಡಿಸಿದರೆ ಕೀಚಲು ಕೇಳುವುದು ಇದರಿಂದಲೇ. ಐದು ಪಿನ್ನಿನ ಮಿಡಿಯಲ್ಲಿ ಸಂಕೇತ ಒಪ್ಟೊ ಐಸೊಲೇಟರ್ ಮೂಲಕ ಬೆಳಕಾಗಿ ದಾಟುತ್ತದೆ, ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಮಿಡಿ ಕೇಬಲ್ಲಿನಿಂದ ಹಮ್ ಹುಟ್ಟುವುದಿಲ್ಲ. ಪೆಂಡಾಲಿನ ವೇದಿಕೆಗೆ ನಾನು ಐದು ಪಿನ್ನನ್ನೇ ಹೇಳುವುದು ಈ ಕಾರಣಕ್ಕೆ. ಜಿಟ್ಟರ್ ಲೆಕ್ಕ ಎರಡನೆಯದು.

ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನು ಕಿತ್ತು ಹಾಕುವವರಿದ್ದಾರೆ. ಮಳೆಗೆ ಒದ್ದೆಯಾದ ವೇದಿಕೆಯಲ್ಲಿ ಮೈಕ್ ಹಿಡಿದವರ ಜೀವದ ಪ್ರಶ್ನೆ ಅದು. ಯುಎಸ್‌ಬಿಯೇ ಬೇಕಿದ್ದರೆ ಯುಎಸ್‌ಬಿ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನು ಹಾಕಿ.

ಐದು ಪಿನ್ನಿನಲ್ಲೂ ಎರಡು ಮಟ್ಟ ಇದೆ. ಸಾವಿರ ರೂಪಾಯಿ ಆಚೀಚೆ ಸಿಗುವ ಹೆಸರಿಲ್ಲದ ಯುಎಸ್‌ಬಿ-ಮಿಡಿ ಕೇಬಲ್ಲುಗಳು ಒಂದು. ಸ್ವರ ಕಳಿಸಲು ಓಡುತ್ತವೆ. ಕ್ಲಾಕಿನ ಜೊತೆ ಸ್ವರಗಳ ಗುಂಪು ಬಂದಾಗ ಕೆಲವು ಬೈಟನ್ನೇ ನುಂಗುತ್ತವೆ. ಒಂದು ಟಿಕ್ ಕಳೆದುಹೋದರೆ ಮಷಿನ್ನು 20 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ, ಮತ್ತೆ ಅದು ತಾನಾಗಿ ಸರಿಹೋಗುವುದಿಲ್ಲ. ಮೇಲೆ ಹೇಳಿದ ಸರಿತ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಈ ಕೇಬಲ್ಲಿನ ಮೇಲೆ ಅನುಮಾನ ಪಡಿ. ಎರಡನೆಯದು ಆಡಿಯೋ ಇಂಟರ್‌ಫೇಸಿನಲ್ಲೇ ಇರುವ ಮಿಡಿ ಪೋರ್ಟು, ಅಥವಾ ಹೆಸರಿರುವ ಕಂಪನಿಯ ಮಿಡಿ ಇಂಟರ್‌ಫೇಸು. ಹೊಸ ಆಡಿಯೋ ಇಂಟರ್‌ಫೇಸ್ ಹೇಗೂ ಕೊಳ್ಳುವವರು ಸ್ವಲ್ಪ ಹೆಚ್ಚು ಕೊಟ್ಟು ಮಿಡಿ ಪೋರ್ಟು ಇರುವ ಮಾಡೆಲ್ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಲಾಭ.

ಮಷಿನ್ನು ಎರಡು ಮೂರಾದಾಗ ಕ್ಲಾಕಿಗೇ ಒಂದು ಪೋರ್ಟ್ ಬಿಟ್ಟುಕೊಡಿ. ಒಟ್ಟಿಗೆ ಒತ್ತಿದ ಐದು ಸ್ವರಗಳ ಗುಂಪು ಒಂದೇ ತಂತಿಯಲ್ಲಿ ಹೋಗಲು 5 ಮಿಲಿಸೆಕೆಂಡಿನ ಹತ್ತಿರ ಬೇಕು. ನಿಯಮದ ಪ್ರಕಾರ ಕ್ಲಾಕ್ ಬೈಟು ನಡುವೆ ನುಸುಳಬಹುದು, ಎಲ್ಲ ಇಂಟರ್‌ಫೇಸೂ ಆ ಮರ್ಯಾದೆ ಕೊಡುವುದಿಲ್ಲ. ಬಂದದ್ದನ್ನು ಹಾಗೇ ಮುಂದೆ ಕಳಿಸುವ ಥ್ರೂ ಪೋರ್ಟಿನಿಂದ ಒಂದರ ಬಾಲಕ್ಕೆ ಒಂದು ಕಟ್ಟುತ್ತಾ ಹೋದರೂ ಮೂರು ನಾಲ್ಕರ ಆಚೆ ಸಂಕೇತದ ಅಂಚು ಮಸುಕಾಗುತ್ತದೆ. ಅದರ ಬದಲು ಒಂದೇ ಸಂಕೇತವನ್ನು ಎಲ್ಲಕ್ಕೂ ಹಂಚುವ ಒಂದು ಥ್ರೂ ಬಾಕ್ಸ್ ಒಳ್ಳೆಯದು. ಕೇಬಲ್ 15 ಮೀಟರಿಗಿಂತ ಉದ್ದ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಪಿನ್ನಿನ ಬುಡದಲ್ಲಿ ಪಾಚಿಯಂಥ ಹಸಿರು ಹುಡಿ ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಚುಚ್ಚಿ.

ಬ್ಲೂಟೂತ್ ಮಿಡಿ ಕ್ಲಾಕಿಗೆ ಬೇಡವೇ ಬೇಡ.

ಮಷಿನ್ನೇ ಯಜಮಾನ, ಲ್ಯಾಪ್‌ಟಾಪು ಹಿಂಬಾಲಕ

ಕೇಳಲು ಚೆನ್ನಾಗಿದೆ: ಡ್ರಮ್ ಮಷಿನ್ನಿನ ಕ್ಲಾಕ್ ಗಟ್ಟಿ, ಅದನ್ನೇ ಯಜಮಾನ ಮಾಡೋಣ. ಇಬ್ಬರು ಮೂವರು ಬರೀ ಮಷಿನ್ನುಗಳಲ್ಲೇ ನುಡಿಸುವವರಿಗೆ ಇದು ಸರಿ, ಲ್ಯಾಪ್‌ಟಾಪು ರೆಕಾರ್ಡಿಂಗಿಗೆ ಮಾತ್ರ ಇದ್ದರೆ ಇನ್ನೂ ಸರಿ. ಲ್ಯಾಪ್‌ಟಾಪು ತಾಳ ಹಿಡಿದು ನಡೆಯಬೇಕೆಂದರೆ ಗೋಳು. ಒಳಬರುವ ಟಿಕ್ಕುಗಳನ್ನು ನೋಡಿ ಅದು ಟೆಂಪೊ ಊಹಿಸುತ್ತದೆ. ಪರದೆಯ ಮೇಲೆ 119.8, 120.2 ಎಂದು ಅಂಕಿ ಕುಣಿಯುತ್ತದೆ, ಜೊತೆಗೆ ಡಿಲೇ ಎಫೆಕ್ಟು, ಹಿಗ್ಗಿಸಿ ಕುಗ್ಗಿಸಿದ ಲೂಪು ಎಲ್ಲ ನಡುಗುತ್ತವೆ. ಹಿಂಬಾಲಿಸಲು ಬಾರದ ಸಾಫ್ಟ್‌ವೇರುಗಳೂ ಇವೆ, ಮೊದಲು ನಿಮ್ಮದರ ಕೈಪಿಡಿ ನೋಡಿ.

ಕ್ಲಿಕ್ ಶಬ್ದವನ್ನೇ ಕ್ಲಾಕ್ ಮಾಡುವುದು

ಕಡಿಮೆ ದುಡ್ಡಿಗೆ ನಿಜವಾದ ಗಟ್ಟಿತನ ಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ಇದು. ಆಡಿಯೋ ಟ್ರ್ಯಾಕಿನಲ್ಲಿರುವ ಕ್ಲಿಕ್ಕು ಸ್ಯಾಂಪಲ್ ಲೆಕ್ಕದಲ್ಲಿ ನಿಖರ. ಬಫರ್ ಎಷ್ಟೇ ಇದ್ದರೂ ಎರಡು ಕ್ಲಿಕ್ಕಿನ ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾದರೆ ಕ್ಲಾಕನ್ನು ಮಿಡಿ ಬಿಟ್ಟು ಆಡಿಯೋ ಔಟ್‌ಪುಟ್ಟಿನಲ್ಲೇ ಕಳಿಸಿದರೆ? ಕೋರ್ಗ್ ವೋಲ್ಕಾ, ಪಾಕೆಟ್ ಆಪರೇಟರ್ ಎಂಬ ಪುಟ್ಟ ಮಷಿನ್ನುಗಳ ಸಿಂಕ್ ತೂತಿಗೆ ಬೇಕಿರುವುದು ಇಂಥದ್ದೇ ಒಂದು ಚಿಕ್ಕ ಪಲ್ಸ್, ಬೀಟಿಗೆ ಎರಡು. ಆರ್ಟೂರಿಯಾ ಬೀಟ್‌ಸ್ಟೆಪ್ ಪ್ರೊನಂಥವುಗಳಲ್ಲಿ ಬೀಟಿಗೆ ಎಷ್ಟು ಪಲ್ಸ್ ಎಂದು ಆರಿಸಿಕೊಳ್ಳಬಹುದು. ಹತ್ತು ಮಿಲಿಸೆಕೆಂಡಿನ ಒಂದು ಪಲ್ಸ್ ಮಾಡಿ, ಎಂಟನೇ ನೋಟಿಗೊಂದರಂತೆ ಟ್ರ್ಯಾಕಿನುದ್ದಕ್ಕೂ ಅಂಟಿಸಿ, ಎಫೆಕ್ಟು ಏನೂ ಹಾಕದೆ ಪ್ರತ್ಯೇಕ ಔಟ್‌ಪುಟ್ಟಿಗೆ ಕಳಿಸಿ. ಏಬಲ್ಟನ್ ಲೈವ್ ಸೂಟ್ ಇದ್ದವರಿಗೆ ಸಿವಿ ಟೂಲ್ಸ್ ಎಂಬ ಉಚಿತ ಪ್ಯಾಕ್ ಇದನ್ನೇ ಮಾಡಿಕೊಡುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಬೇರೆ ಥರ. ಎರಡೇ ಔಟ್‌ಪುಟ್ಟಿನ ಇಂಟರ್‌ಫೇಸಿನಲ್ಲಿ ಒಂದು ಕ್ಲಾಕಿಗೆ ಹೋದರೆ ಸಂಗೀತ ಮೊನೊ ಆಗುತ್ತದೆ. ಊರ ಪೆಂಡಾಲಿನಲ್ಲಿ ಸ್ಟೀರಿಯೊ ಯಾರು ಕೇಳುತ್ತಾರೆ, ಅಲ್ಲಿ ನಡೆಯುತ್ತದೆ; ಸ್ಟುಡಿಯೋದಲ್ಲಿ ನಾಲ್ಕು ಔಟ್‌ಪುಟ್ಟಿನದ್ದು ಬೇಕು. ಪಲ್ಸಿಗೆ ಪ್ಲೇ, ಸ್ಟಾಪ್, ಹಾಡಿನಲ್ಲಿ ಎಲ್ಲಿದ್ದೇವೆ ಎನ್ನುವ ಯಾವ ಜ್ಞಾನವೂ ಇಲ್ಲ. ಮಷಿನ್ನಿನಲ್ಲಿ ಪ್ಲೇ ಒತ್ತಿ ಕಾಯಿಸಿಟ್ಟು ಹಾಡನ್ನು ಮೊದಲಿಂದಲೇ ಶುರು ಮಾಡಬೇಕು. ಶಬ್ದ ಸಣ್ಣಗಿದ್ದರೆ ಮಷಿನ್ನಿಗೆ ಕೇಳುವುದಿಲ್ಲ, ಔಟ್‌ಪುಟ್ ಪೂರ್ತಿ ಏರಿಸಿ. 5 ವೋಲ್ಟ್ ಬೇಡುವ ಮಾಡ್ಯುಲರ್ ಸಾಮಾನಿಗೆ ಅದೂ ಸಾಲದೇ ಹೋಗಬಹುದು. ಆ ಕೇಬಲ್ ತಪ್ಪಿ ಮಿಕ್ಸರಿಗೆ ಹೋದರೆ ಮುಂದಿನ ಸಾಲಿನಲ್ಲಿ ಕೂತವರ ಕಿವಿಯ ಗತಿ ದೇವರೇ ಬಲ್ಲ. ಎರಡೂ ತುದಿಗೆ ಕೆಂಪು ಟೇಪು ಸುತ್ತಿಡಿ.

ಸ್ಯಾಂಪಲ್ ನಿಖರ ಡಬ್ಬಿಗಳು

ಪಲ್ಸಿನ ಗಟ್ಟಿತನವೂ ಬೇಕು, ಮಿಡಿಯ ಪ್ಲೇ ಸ್ಟಾಪೂ ಬೇಕು ಎಂದರೆ ಈ ಡಬ್ಬಿಗಳು. ಇ-ಆರ್‌ಎಂ ಮಲ್ಟಿಕ್ಲಾಕ್ ಲ್ಯಾಪ್‌ಟಾಪಿನಿಂದ ಆಡಿಯೋ ಸಂಕೇತ ತೆಗೆದುಕೊಂಡು ಮಿಡಿ ಕ್ಲಾಕ್, ಹಳೇ ರೋಲ್ಯಾಂಡ್ ಮಷಿನ್ನುಗಳ ಡಿನ್ ಸಿಂಕ್, ಅನಲಾಗ್ ಪಲ್ಸ್ ಮೂರನ್ನೂ ಹೊರಕೊಡುತ್ತದೆ, ಒಂದೊಂದು ಔಟ್‌ಪುಟ್ಟನ್ನೂ ಹಿಂದೆ ಮುಂದೆ ಸರಿಸಬಹುದು. ಎಕ್ಸ್‌ಪರ್ಟ್ ಸ್ಲೀಪರ್ಸ್ ಕಂಪನಿಯ ಯುಸಾಮೊ ಇನ್ನೂ ಚಿಕ್ಕದು: ಪ್ಲಗಿನ್ ಒಂದು ಮಿಡಿಯನ್ನೇ ಆಡಿಯೋ ರೂಪಕ್ಕೆ ತಿರುಗಿಸುತ್ತದೆ, ಡಬ್ಬಿ ಅದನ್ನು ಮತ್ತೆ ಮಿಡಿಯಾಗಿಸುತ್ತದೆ. ಇವೂ ಒಂದು ಆಡಿಯೋ ಔಟ್‌ಪುಟ್ಟನ್ನು ತಿನ್ನುತ್ತವೆ. ಕೆಲಸದಲ್ಲಿ ಕೊರತೆ ಇಲ್ಲ, ಕೊರತೆ ನಮ್ಮ ಜೇಬಿನಲ್ಲಿ. ಹೊರದೇಶದಿಂದ ತರಿಸಬೇಕು, ಸುಂಕ ಸೇರಿಸಿದರೆ ದೊಡ್ಡದು ಹಲವು ಹತ್ತು ಸಾವಿರಕ್ಕೆ ಹೋಗುತ್ತದೆ. ನಾಲ್ಕೈದು ಮಷಿನ್ನು ಇಟ್ಟುಕೊಂಡು ಇದರಲ್ಲೇ ಹೊಟ್ಟೆ ಹೊರೆಯುವವರು ಕೊಳ್ಳಲಿ. ಒಂದು ಡ್ರಮ್ ಮಷಿನ್ನಿರುವವರು ಆ ದುಡ್ಡಿಗೆ ಒಳ್ಳೆಯ ಜೋಡಿ ಮಾನಿಟರ್ ಸ್ಪೀಕರ್ ತಂದುಕೊಂಡರೆ ಹಾಡು ಹೆಚ್ಚು ಸುಧಾರಿಸುತ್ತದೆ.

ಜೋಡಿಸದೇ ಇರುವುದೂ ಒಂದು ದಾರಿ

ರೆಕಾರ್ಡಿಂಗ್ ಮಾತ್ರ ಗುರಿಯಾದರೆ ಸಿಂಕೇ ಬೇಡದಿರಬಹುದು. ಮಷಿನ್ನನ್ನು 120ಕ್ಕೆ ಇಟ್ಟು ಅದರ ಸ್ವಂತ ಕ್ಲಾಕಿನಲ್ಲಿ ಓಡಿಸಿ ಆಡಿಯೋ ಹಿಡಿದು, ಮೊದಲ ಪೆಟ್ಟನ್ನು ಗೆರೆಗೆ ಕೂರಿಸಿ. ಮಷಿನ್ನಿನ ಸ್ವಿಂಗು, ಬಿಗಿ ಎಲ್ಲ ಹಾಗೇ ಉಳಿಯುತ್ತದೆ. ಮಷಿನ್ನು, ಲ್ಯಾಪ್‌ಟಾಪುಗಳ ಒಳಗೆ ಹೊತ್ತು ಎಣಿಸುವ ಎರಡು ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷದಲ್ಲಿ 50 ಭಾಗದ ವ್ಯತ್ಯಾಸ ಇದ್ದರೂ ಐದು ನಿಮಿಷದ ಹಾಡಿನ ಕೊನೆಗೆ ಆಗುವುದು 15 ಮಿಲಿಸೆಕೆಂಡ್. ಪಲ್ಲವಿ, ಚರಣಗಳ ಗಡಿಯಲ್ಲಿ ಕತ್ತರಿಸಿ ಸರಿಸಿದರೆ ಮುಗಿಯಿತು. ಹಳೇ ಅನಲಾಗ್ ಮಷಿನ್ನುಗಳಿಗೆ ಈ ಮಾತು ಹೊಂದುವುದಿಲ್ಲ, ಅವುಗಳ 120 ನಿಜಕ್ಕೂ 120 ಆಗಿರಬೇಕೆಂದಿಲ್ಲ.

ನಾಟಕದವರಿಗೂ ಇದೇ ಹೊಂದುವುದು. ಹೆಗ್ಗೋಡಿನ ನೀನಾಸಂನಂಥ ಕಡೆ ತಯಾರಾದ ನಾಟಕಗಳು ಊರೂರು ತಿರುಗುತ್ತವೆ. ಪ್ರತಿ ಊರಲ್ಲೂ ಮಷಿನ್ನು, ಲ್ಯಾಪ್‌ಟಾಪು ಜೋಡಿಸಿ ಸಿಂಕ್ ನೋಡುತ್ತಾ ಕೂರಲು ಪುರುಸೊತ್ತೆಲ್ಲಿ? ನಟರ ಗತಿಗೆ ತಕ್ಕಂತೆ ಕೈಯಲ್ಲೇ ಬಿಡಬೇಕಾದ ತುಣುಕುಗಳಿವು. ಆಡಿಯೋ ಮಾಡಿ ಸ್ಯಾಂಪಲರಿಗೆ ಹಾಕಿಕೊಂಡು ಹೋಗಿ.

ಆರ್ಕೆಸ್ಟ್ರಾದವರ ಲೆಕ್ಕ ಬೇರೆ. ಅವರ ಟ್ರ್ಯಾಕು ನಿಲ್ಲುವಂತಿಲ್ಲ, ಗಾಯಕರು ಕಾಯುವುದಿಲ್ಲ. ಅವರಿಗೆ ಇಂಟರ್‌ಫೇಸಿನ ಮಿಡಿ ಪೋರ್ಟು, ಐದು ಪಿನ್ನಿನ ಎರಡು ಕೇಬಲ್ (ಒಂದು ಚೀಲದಲ್ಲಿ ಬದಲಿಗೆ), ಲ್ಯಾಪ್‌ಟಾಪಿಗೂ ಇಂಟರ್‌ಫೇಸಿಗೂ ಒಂದೇ ಯುಪಿಎಸ್. ಮಷಿನ್ನನ್ನೂ ಅದೇ ಯುಪಿಎಸ್ಸಿಗೆ ಚುಚ್ಚಿ. ಕರೆಂಟ್ ಹೋಗಿ ಮಷಿನ್ನು ಆರಿ ಮತ್ತೆ ಹೊತ್ತಿಕೊಂಡರೆ, ಕ್ಲಾಕ್ ಬರುತ್ತಿದ್ದರೂ ಸ್ಟಾರ್ಟ್ ಸಂದೇಶ ಇನ್ನೊಮ್ಮೆ ಬರುವವರೆಗೆ ಅದು ಸುಮ್ಮನೆ ಕೂತಿರುತ್ತದೆ.